ದೇವರನಾಮ ಬಿಡಬೇಡಿ, ಮಾತ್ರೆಯನ್ನೂ ಬಿಡಬೇಡಿ

ಆಲ್ಝೈಮರ್‌ ಶುರುವಾಗಿದೆ ಎಂದು ವೈದ್ಯರು ಹೇಳಿದ್ದಾರೆಯೇ? ಎದೆಗುಂದಬೇಡಿ. ಆರಂಭದ ಹಂತದಲ್ಲಿ ನಿಮ್ಮ ಬದುಕಿನ ತೀರ್ಮಾನಗಳನ್ನು ಬಹುಪಾಲು ನೀವೇ ಮಾಡಬಲ್ಲಿರಿ. ಬ್ಯಾಂಕು, ಉಯಿಲು, ಮುಂದಿನ ಆರೈಕೆ, ಎಲ್ಲವನ್ನೂ ಮನೆಯವರೊಂದಿಗೆ ಕೂತು ಈಗಲೇ ಮಾತಾಡಿ. ಆಲ್ಝೈಮರ್‌ ಮಿದುಳಿನ ಕಾಯಿಲೆ. ಪೂರ್ವಜನ್ಮದ ಪಾಪವೆಂದೋ ಭಕ್ತಿ ಸಾಲದೆಂದೋ ಅನ್ನುವವರಿಗೆ ದಯವಿಟ್ಟು ಕಿವಿಗೊಡಬೇಡಿ.

ಆಸ್ಟ್ರೇಲಿಯಾದ ಕ್ರಿಸ್ಟೀನ್ ಬ್ರೈಡನ್ ಅವರಿಗೆ 1995ರಲ್ಲಿ, 46ನೇ ವಯಸ್ಸಿಗೇ ಡಿಮೆನ್ಷಿಯಾ (ಆಲ್ಝೈಮರ್‌ನಂಥ ಕಾಯಿಲೆಗಳಿಂದ ಬರುವ ಮರೆವಿನ ಸ್ಥಿತಿ) ಎಂದು ತಿಳಿಯಿತು. ಆ ಮೇಲೂ ಅವರು ಪುಸ್ತಕಗಳನ್ನು ಬರೆದರು, ಮರುಮದುವೆಯಾದರು, ದೇಶದೇಶ ಸುತ್ತಿ ಮಾತಾಡಿದರು. ಕ್ರೈಸ್ತ ಶ್ರದ್ಧೆ ಅವರಿಗೆ ದೊಡ್ಡ ಆಸರೆ. ಎಲ್ಲರ ಕಾಯಿಲೆಯೂ ಹಾಗೆ ನಿಧಾನವಾಗಿ ಸಾಗದು, ನಿಜ. ಆದರೂ ಅವರ ಬದುಕು ನನಗೆ ತುಂಬ ಧೈರ್ಯ ಕೊಡುತ್ತದೆ.

ಹೊಸ ಸಂಗತಿಗಳನ್ನು ದಾಖಲಿಸುವ, ಮಿದುಳಿನ ಭಾಗವಾದ ಹಿಪೊಕ್ಯಾಂಪಸ್‌ಗೆ ಈ ಕಾಯಿಲೆ ಬೇಗ ತಗಲುತ್ತದೆ. ಹಾಗಾಗಿ ಬೆಳಗಿನ ಮಾತು ಸಂಜೆಗೆ ಮರೆತೀತು. ಆದರೆ ಬಾಲ್ಯದಲ್ಲಿ ಕಲಿತ ದೇವರನಾಮ, ವಚನ, ಕಂಠಪಾಠದ ಪ್ರಾರ್ಥನೆ ಎಷ್ಟೋ ಕಾಲ ಉಳಿಯುತ್ತವೆ. ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕೂತು ಗಟ್ಟಿಯಾಗಿ ಹಾಡಿ. ಸಾಲು ತಪ್ಪಿದರೆ ಮನೆಯವರು ತಿದ್ದಲು ಹೋಗದೆ ಜೊತೆಗೆ ದನಿಗೂಡಿಸಲಿ. ಗುಡಿ, ಚರ್ಚು, ಮಸೀದಿಗೆ ಹೋಗುವುದನ್ನು ನಾಚಿಕೆಯಿಂದ ನಿಲ್ಲಿಸಬೇಡಿ. ಅಲ್ಲಿ ನಂಬಿಕಸ್ಥರೊಬ್ಬರಿಗೆ ವಿಷಯ ತಿಳಿಸಿಡಿ. ಉಪವಾಸ, ಹರಕೆ ಎಂದು ಮಾತ್ರೆ ತಪ್ಪಿಸಬೇಡಿ. ಯಾವುದೇ ವ್ರತ ಹಿಡಿಯುವ ಮುನ್ನ ವೈದ್ಯರನ್ನೊಮ್ಮೆ ಕೇಳಿ.