ಉದ್ಯೋಗ ಸಂದರ್ಶನದ ಸಾಮಾನ್ಯ ಪ್ರಶ್ನೆಗಳು: ಅರಿವು ಕೇಂದ್ರದಲ್ಲಿ ಪೂರ್ವಸಿದ್ಧತೆ



ಯುವನಿಧಿ ಯೋಜನೆಯಡಿ ಅರ್ಹ ನಿರುದ್ಯೋಗಿ ಪದವೀಧರರಿಗೆ ಮಾಸಿಕ ರೂ. 3,000 ಹಾಗೂ ಡಿಪ್ಲೊಮಾ ಪಡೆದವರಿಗೆ ರೂ. 1,500 ಗರಿಷ್ಠ ಎರಡು ವರ್ಷಗಳವರೆಗೆ ದೊರೆಯುತ್ತದೆ. ಅಷ್ಟರೊಳಗೆ ಅವರು ಉದ್ಯೋಗ ಪಡೆಯಬೇಕು. ಆದರೆ ಲಿಖಿತ ಪರೀಕ್ಷೆಯನ್ನೂ ತಾಂತ್ರಿಕ ಪ್ರಶ್ನೆಗಳನ್ನೂ ದಾಟಿದ ನಮ್ಮ ಗ್ರಾಮಗಳ ಯುವಜನರು ಕೊನೆಯ ಹಂತವಾದ ಮಾನವ ಸಂಪನ್ಮೂಲ ವಿಭಾಗದ ಸಂದರ್ಶನದಲ್ಲಿ ಹಿಂದೆ ಉಳಿಯುವುದುಂಟು. ಇದಕ್ಕೆ ಜ್ಞಾನದ ಕೊರತೆಗಿಂತ ಅಭ್ಯಾಸದ ಕೊರತೆಯೇ ಹೆಚ್ಚು ಕಾರಣ.

ಎಂಜಿನಿಯರಿಂಗ್ ಅಂತಿಮ ವರ್ಷದಲ್ಲಿ ನಾನೂ ಹೀಗೆಯೇ ಅವಕಾಶ ಕಳೆದುಕೊಂಡೆ. "ನಿಮ್ಮ ಬಗ್ಗೆ ಹೇಳಿ" ಎಂದಾಗ, ಬಾಯಿಪಾಠ ಮಾಡಿದ್ದ ಇಂಗ್ಲಿಷ್ ವಾಕ್ಯಗಳನ್ನು ಒಪ್ಪಿಸಿದೆ. ಅವುಗಳಲ್ಲಿ "ನನ್ನಲ್ಲಿ ಜವಾಬ್ದಾರಿಯ ಗುಣವಿದೆ" ಎಂಬ ಮಾತಿತ್ತು. "ಒಂದು ಉದಾಹರಣೆ ಕೊಡಿ" ಎಂದು ಕೇಳಿದಾಗ ಮೌನವಾದೆ. ರಜೆಯಲ್ಲಿ ಊರಿನ ಹಾಲು ಉತ್ಪಾದಕರ ಸಂಘದ ಲೆಕ್ಕ ಬರೆದಿದ್ದೆ. ಅದನ್ನು ಅಲ್ಲಿ ಹೇಳಬಹುದೆಂದು ತಿಳಿದಿರಲಿಲ್ಲ. ಉತ್ತರವು ತನ್ನ ಬದುಕಿನಿಂದಲೇ ಬರಬೇಕೆಂಬುದು ಈ ಪಾಠದ ಸಾರ.

1. ಪ್ರಶ್ನೆಗಳು ಮತ್ತು ಅವುಗಳ ಉದ್ದೇಶ

ಅ) "ನಿಮ್ಮ ಬಗ್ಗೆ ಹೇಳಿ": ಇದು ಕುಟುಂಬದ ಪರಿಚಯ ಕೇಳುವ ಪ್ರಶ್ನೆಯಲ್ಲ. ವಿದ್ಯಾಭ್ಯಾಸ, ಮಾಡಿದ ಕೆಲಸ, ಈ ಹುದ್ದೆಗೆ ಬಂದ ಕಾರಣ ಈ ಮೂರನ್ನು ಒಂದೆರಡು ನಿಮಿಷಗಳಲ್ಲಿ ಹೇಳಿದರೆ ಸಾಕು.

ಆ) "ನಮ್ಮ ಸಂಸ್ಥೆಯೇ ಏಕೆ?": ಸಂಸ್ಥೆಯು ಏನನ್ನು ತಯಾರಿಸುತ್ತದೆ ಅಥವಾ ಯಾವ ಸೇವೆ ನೀಡುತ್ತದೆ, ಹುದ್ದೆಯ ಕೆಲಸವೇನು ಎಂಬುದನ್ನು ಮೊದಲೇ ಓದಿಕೊಂಡಿರಬೇಕು.

ಇ) "ನಿಮ್ಮ ಸಾಮರ್ಥ್ಯವೇನು, ದೌರ್ಬಲ್ಯವೇನು?": ಪ್ರತಿ ಸಾಮರ್ಥ್ಯಕ್ಕೂ ಒಂದು ನಿದರ್ಶನವಿರಲಿ. ಸ್ವಸಹಾಯ ಸಂಘದ ಪುಸ್ತಕ ನಿರ್ವಹಣೆ, ಜಾತ್ರೆಯ ಸ್ವಯಂಸೇವೆ, ಅಂಗಡಿಯ ಲೆಕ್ಕ ಇವೆಲ್ಲವೂ ನಿಜವಾದ ಅನುಭವಗಳೇ. ದೌರ್ಬಲ್ಯವನ್ನು ಒಪ್ಪಿಕೊಂಡು, ತಿದ್ದಿಕೊಳ್ಳಲು ಮಾಡುತ್ತಿರುವ ಪ್ರಯತ್ನವನ್ನು ತಿಳಿಸಬೇಕು. "ನನಗೆ ದೌರ್ಬಲ್ಯವೇ ಇಲ್ಲ" ಎಂಬ ಉತ್ತರವನ್ನು ಯಾರೂ ನಂಬರು.

ಈ) "ವ್ಯಾಸಂಗದಲ್ಲಿ ಅಂತರವೇಕೆ?": ಮನೆಯವರ ಅನಾರೋಗ್ಯ, ಬೇಸಾಯ, ಅನುತ್ತೀರ್ಣತೆ, ಕಾರಣ ಯಾವುದಿದ್ದರೂ ಒಂದೇ ವಾಕ್ಯದಲ್ಲಿ ಸತ್ಯವನ್ನು ಹೇಳಿ, ಆ ಅವಧಿಯಲ್ಲಿ ಕಲಿತದ್ದನ್ನು ವಿವರಿಸಬೇಕು. ಸುಳ್ಳು ದಾಖಲೆ ಪರಿಶೀಲನೆಯ ವೇಳೆ ಹೊರಬೀಳುತ್ತದೆ.

ಉ) "ಎಷ್ಟು ವೇತನ ನಿರೀಕ್ಷಿಸುತ್ತೀರಿ?": ಹೇಳುವ ಮೊತ್ತವೆಲ್ಲ ಕೈಗೆ ಬರುವುದಿಲ್ಲ. ಭವಿಷ್ಯ ನಿಧಿಗೆ ಸಾಮಾನ್ಯವಾಗಿ ಮೂಲವೇತನ ಹಾಗೂ ತುಟ್ಟಿಭತ್ಯೆಯ ಶೇ. 12, ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ ವೇತನದ ಶೇ. 0.75 ಕಡಿತವಾಗುತ್ತದೆ. ನಗರದ ಬಾಡಿಗೆ, ಊಟ, ಪ್ರಯಾಣದ ಖರ್ಚನ್ನು ಲೆಕ್ಕ ಹಾಕಿಕೊಂಡು ಹೋಗಬೇಕು.

ಊ) "ಮದುವೆಯಾದ ಮೇಲೆ ಕೆಲಸ ಬಿಡುತ್ತೀರಾ?": ನಮ್ಮ ಹೆಣ್ಣುಮಕ್ಕಳಿಗೆ ಈ ಪ್ರಶ್ನೆ ಎದುರಾಗುವುದುಂಟು. ನೇಮಕಾತಿಯಲ್ಲಿ ಲಿಂಗ ತಾರತಮ್ಯವನ್ನು ವೇತನ ಸಂಹಿತೆ, 2019 ನಿಷೇಧಿಸಿದೆ. "ಈ ಹುದ್ದೆಯ ಹೊಣೆಯನ್ನು ತಿಳಿದೇ ಅರ್ಜಿ ಸಲ್ಲಿಸಿದ್ದೇನೆ" ಎಂದು ಸಮಾಧಾನದಿಂದ ಹೇಳಿ ಮಾತನ್ನು ಕೆಲಸದತ್ತ ತಿರುಗಿಸಬಹುದು.

2. ಸದಸ್ಯರ ಪಾತ್ರ

ಅರಿವು ಕೇಂದ್ರದಲ್ಲಿ ತಿಂಗಳಿಗೊಮ್ಮೆ ಅಣಕು ಸಂದರ್ಶನ ಏರ್ಪಡಿಸಬಹುದು. ಊರಿನ ನಿವೃತ್ತ ಶಿಕ್ಷಕರು, ಬ್ಯಾಂಕ್ ನೌಕರರು, ನಗರದಲ್ಲಿ ದುಡಿಯುವ ಯುವಕರು ಪ್ರಶ್ನೆ ಕೇಳಲಿ. ಅಭ್ಯರ್ಥಿ ಮೊದಲು ಕನ್ನಡದಲ್ಲಿ ಉತ್ತರಿಸಲಿ. ವಿಚಾರ ಸ್ಪಷ್ಟವಾದ ಬಳಿಕ ಅದನ್ನೇ ಸರಳ ಇಂಗ್ಲಿಷಿನಲ್ಲಿ ಹೇಳಲಿ. ಪ್ರತಿ ಉತ್ತರಕ್ಕೂ "ಉದಾಹರಣೆ ಕೊಡಿ" ಎಂದು ಮರುಪ್ರಶ್ನೆ ಹಾಕುವುದನ್ನು ಮರೆಯಬಾರದು. ಸಭೆಯಲ್ಲಿ ಯಾರನ್ನೂ ಅಪಹಾಸ್ಯ ಮಾಡದಂತೆ ನೋಡಿಕೊಳ್ಳುವುದು ಸದಸ್ಯರ ಹೊಣೆ.

3. ಎಚ್ಚರಿಕೆ

ಸಂದರ್ಶನದ ನಂತರ "ಠೇವಣಿ" ಅಥವಾ "ತರಬೇತಿ ಶುಲ್ಕ" ಎಂದು ಹಣ ಕೇಳಿದರೆ ಕೊಡಬಾರದು. ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆ ತೋರಿಸಬಹುದು, ಒಪ್ಪಿಸಿ ಬರಬಾರದು. ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡುವಂತೆ ತಿಳಿಸಬೇಕು.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ವಾರ್ಡಿನಲ್ಲಿ ಕೆಲಸ ಹುಡುಕುತ್ತಿರುವ ಪದವೀಧರರು, ಡಿಪ್ಲೊಮಾ ಪಡೆದವರು ಎಷ್ಟು ಮಂದಿ?
2. ಸಂದರ್ಶನದಲ್ಲಿ ಹೇಳಬಹುದಾದ ಯಾವ ಅನುಭವಗಳು ಅವರಲ್ಲಿವೆ?
3. ಮೊದಲ ಅಣಕು ಸಂದರ್ಶನವನ್ನು ಯಾವ ದಿನ ನಡೆಸುವಿರಿ, ಪ್ರಶ್ನೆ ಕೇಳುವವರು ಯಾರು?

– ಪಂಚಾಯತಿ ಅಭಿವೃದ್ಧಿ ಅಧಿಕಾರಿ