ಸ್ವಲೀನತೆಯುಳ್ಳ ಮಗುವಿಗೆ ತರಗತಿಯ ನೆರವು

ಆಟಿಸಂ ಎಂದು ಕರೆಯಲಾಗುವ ಸ್ವಲೀನತೆಯು ರೋಗವಲ್ಲ. ಮಿದುಳಿನ ಬೆಳವಣಿಗೆಯಲ್ಲಿನ ಭಿನ್ನತೆ. ಗಂಟೆಯ ಸದ್ದು, ದಿನಚರಿಯ ಹಠಾತ್ ಬದಲಾವಣೆ ಇಂಥ ಮಗುವಿಗೆ ತಾಳಲಾರದ ಸಂಕಟವನ್ನು ತರಬಹುದು. ಕಿವಿ ಮುಚ್ಚಿಕೊಂಡು ಅಳುವ ಮಗುವನ್ನು ಹಟಮಾರಿಯೆಂದು ದಂಡಿಸಿದರೆ ಸಂಕಟ ಹೆಚ್ಚುವುದೇ ಹೊರತು ಕಲಿಕೆ ಸಾಗದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಸ್ವಲೀನತೆಯೂ ಒಂದು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಭೇದವೆಣಿಸದೆ ಇಂಥ ಮಕ್ಕಳನ್ನು ಸೇರಿಸಿಕೊಂಡು, ಪ್ರತಿಯೊಬ್ಬರ ಅಗತ್ಯಕ್ಕೆ ತಕ್ಕ ಅನುಕೂಲ ಕಲ್ಪಿಸಬೇಕೆಂಬುದು ಅದರ 16ನೆಯ ಕಲಮಿನ ಆಶಯ. ಬೆಂಗಳೂರಿನ ಬ್ರೂಕ್‌ಫೀಲ್ಡ್, ವೈಟ್‌ಫೀಲ್ಡ್ ಭಾಗದ ಮಾನ್ಯತೆ ಪಡೆದ ಖಾಸಗಿ ಶಾಲೆಗಳೂ ಇದಕ್ಕೆ ಹೊರತಲ್ಲ. ಆದ್ದರಿಂದ ಪಾಲಕರು ಸಂಕೋಚಪಡಬೇಕಾಗಿಲ್ಲ. ಕೇಳುವುದು ಕೃಪೆಯನ್ನಲ್ಲ, ಹಕ್ಕನ್ನು.

ಮೊದಲು ನಿಮ್ಹಾನ್ಸ್‌ನಂತಹ ಸಂಸ್ಥೆಯಲ್ಲಿ ಮಗುವನ್ನು ತಜ್ಞರಿಗೆ ತೋರಿಸಿ ವರದಿ ಪಡೆಯಬೇಕು. ಬಳಿಕ "ಸ್ವಲ್ಪ ಗಮನ ಕೊಡಿ" ಎಂದಷ್ಟೇ ಹೇಳದೆ, ಬೇಕಾದುದನ್ನು ಒಂದೊಂದಾಗಿ ಬರೆದು ಮುಖ್ಯೋಪಾಧ್ಯಾಯರಿಗೆ ಸಲ್ಲಿಸಿ ಸ್ವೀಕೃತಿ ಪಡೆಯಬೇಕು: ಗದ್ದಲದಿಂದ ದೂರದ ಆಸನ, ಚಿತ್ರಗಳಿರುವ ವೇಳಾಪಟ್ಟಿ, ಬದಲಾವಣೆಯ ಮುನ್ಸೂಚನೆ, ಚಿಕ್ಕ ವಾಕ್ಯಗಳ ಸೂಚನೆ, ಬಳಲಿದಾಗ ಕೂರಲು ಶಾಂತವಾದ ಮೂಲೆ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ. ಇವುಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಕಿಲ್ಲ. ಶಿಕ್ಷಕರ ತಿಳಿವಳಿಕೆ ಸಾಕು. ತಿಂಗಳಿಗೊಮ್ಮೆ ಅವರೊಡನೆ ಕುಳಿತು ಯಾವುದು ಫಲಿಸಿತೆಂದು ಪರಿಶೀಲಿಸುವುದು ಒಳ್ಳೆಯದು.

ಶಾಲೆ ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ, ಕ್ಷೇತ್ರ ಶಿಕ್ಷಣಾಧಿಕಾರಿಗೂ ಅಗತ್ಯವಾದರೆ ವಿಕಲಚೇತನರ ರಾಜ್ಯ ಆಯುಕ್ತರಿಗೂ ದೂರು ಸಲ್ಲಿಸಬಹುದು. ಬಂಧುಗಳೂ ನೆರೆಹೊರೆಯವರೂ ಹೆತ್ತವರನ್ನು ದೂಷಿಸದೆ ಅವರ ಬೆಂಬಲಕ್ಕೆ ನಿಲ್ಲಲಿ. ತನ್ನ ಕಷ್ಟವನ್ನು ತಾನೇ ಹೇಳಿಕೊಳ್ಳಲಾರದ ಮಗುವಿನ ಪರವಾಗಿ ಹಿರಿಯರೇ ಮಾತನಾಡಬೇಕಾಗುತ್ತದೆ.