ತೂಕದ ವಿಷಯಕ್ಕೆ ತಲೆ ತಗ್ಗಿಸಬೇಡ ಮಗಳೇ

ಮೊನ್ನೆ ನಾಮಕರಣದ ಊಟಕ್ಕೆ ಕೂತಾಗ ಹೋಳಿಗೆ ಬಡಿಸಲು ಬಂದರೆ ನೀನು ಎಲೆಗೆ ಕೈ ಅಡ್ಡ ಹಿಡಿದೆ. ಎದುರು ಸಾಲಿನಿಂದ ಯಾರೋ, "ಹಾಗಾದರೂ ಸ್ವಲ್ಪ ಇಳಿಯಲಿ ಬಿಡಿ" ಅಂದರು. ನಿನ್ನ ತಮ್ಮನ ಎಲೆಗೆ ಮಾತ್ರ, "ಹುಡುಗ ಬಡಕಲಾಗಿದ್ದಾನೆ, ತಿನ್ನಲಿ" ಎಂದು ಮೂರನೆಯದೂ ಬಿತ್ತು. ಆಮೇಲೆ ನೀನು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಅಷ್ಟು ಜನರ ಮಧ್ಯೆ ಹೇಳುವ ವಿಷಯವಲ್ಲ ಎಂದು ಈಗ ಬರೆಯುತ್ತಿದ್ದೇನೆ.

ಬಾಯಿಚಪಲ ಇರುವವರಿಗೇ ಮೈ ಬರುತ್ತದೆ ಎಂದು ನಮ್ಮವರು ನಂಬಿಕೊಂಡು ಬಂದಿದ್ದಾರೆ. ಅದು ಸರಿಯಲ್ಲ. ಡೆನ್ಮಾರ್ಕಿನಲ್ಲಿ ಚಿಕ್ಕಂದಿನಲ್ಲೇ ದತ್ತು ಹೋಗಿದ್ದ 540 ಜನರನ್ನು, ಅವರು ದೊಡ್ಡವರಾದ ಮೇಲೆ, ಆಲ್ಬರ್ಟ್ ಸ್ಟಂಕರ್ಡ್ ಮತ್ತು ಸಂಗಡಿಗರು ಪರಿಶೀಲಿಸಿ 1986ರಲ್ಲಿ ವರದಿ ಪ್ರಕಟಿಸಿದರು. ಆ ಮಕ್ಕಳ ಮೈಕಟ್ಟು ಹೆತ್ತವರ ಮೈಕಟ್ಟಿಗೆ ಹೊಂದುತ್ತಿತ್ತು. ದಿನಾ ಉಣ್ಣಿಸಿ ಬೆಳೆಸಿದ ಸಾಕು ತಂದೆತಾಯಿಯ ತೂಕಕ್ಕೂ ಇವರ ತೂಕಕ್ಕೂ ನಂಟೇ ಕಾಣಲಿಲ್ಲ. ಕೆನಡಾದ ಕ್ಲೋಡ್ ಬೂಷಾರ್ 12 ಜೋಡಿ ತದ್ರೂಪಿ ಅವಳಿ ತರುಣರಿಗೆ 84 ದಿನ, ದಿನಕ್ಕೆ 1,000 ಕ್ಯಾಲೊರಿ ಹೆಚ್ಚುವರಿಯಾಗಿ ತಿನ್ನಿಸಿ ನೋಡಿದರು. ಹೆಚ್ಚಿಗೆ ತಿಂದದ್ದು ಎಲ್ಲರೂ ಅಷ್ಟೇ. ಆದರೆ ಒಬ್ಬನ ತೂಕ 4.3 ಕೆ.ಜಿ. ಏರಿದರೆ ಇನ್ನೊಬ್ಬನದು 13.3 ಕೆ.ಜಿ. ಏರಿತು. ಒಂದೇ ಜೋಡಿಯ ಅಣ್ಣತಮ್ಮಂದಿರು ಮಾತ್ರ ಹೆಚ್ಚುಕಡಿಮೆ ಒಂದೇ ಥರ ದಪ್ಪಗಾದರು. ನೀನೂ ನಿನ್ನ ತಮ್ಮನೂ ಹಾಗೆ ತದ್ರೂಪಿಗಳಲ್ಲ. ಒಂದೇ ಅಪ್ಪ ಅಮ್ಮನಿಂದ ಬಂದರೂ ನಿಮ್ಮಿಬ್ಬರ ಜೀನ್‌ಗಳು ಸರಾಸರಿ ಅರ್ಧದಷ್ಟೇ ಹೊಂದುತ್ತವೆ.

ಬೇರೆ ಬೇರೆ ಮನೆಗಳಲ್ಲಿ ಬೆಳೆದ ಸ್ವೀಡನ್ನಿನ ಅವಳಿಗಳ ಲೆಕ್ಕ 1990ರಲ್ಲಿ ಬಂತು. ಮೈತೂಕದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸಕ್ಕೆ ವಂಶವಾಹಿಯ ಪಾಲು ಗಂಡಸರಲ್ಲಿ ಶೇಕಡಾ 70, ಹೆಂಗಸರಲ್ಲಿ ಶೇಕಡಾ 66 ಎಂದು ಅದು ಹೇಳಿತು. ಹಾಗೆಂದು ನಿನ್ನ ತೂಕದ ಮೂರರಲ್ಲಿ ಎರಡು ಪಾಲು ಅಮ್ಮ ಕೊಟ್ಟದ್ದು, ಉಳಿದದ್ದು ನಿನ್ನದು ಎಂದು ಭಾಗ ಮಾಡಬೇಡ. ಜನ ಒಬ್ಬರಿಗಿಂತ ಒಬ್ಬರು ಏಕೆ ಬೇರೆ ಎಂಬುದರ ಲೆಕ್ಕ ಇದು.

ಒಟ್ಟು ತೂಕದಲ್ಲಿ ವಂಶವಾಹಿಯ ಪಾಲು ನೋಡಿದರೆ ಗಂಡು ಹೆಣ್ಣಿನ ಅಂತರ ದೊಡ್ಡದಲ್ಲ. ಕೊಬ್ಬು ಎಲ್ಲಿ ಕೂರುತ್ತದೆ ಎಂಬಲ್ಲಿ ಮಾತ್ರ ಅಂತರ ಬಹಳ. ಸೊಂಟ ಮತ್ತು ಪಿರ್ರೆಯ ಅಳತೆಗಳ ಅನುಪಾತಕ್ಕೆ ಸಂಬಂಧಿಸಿದ 49 ಜೀನ್ ತಾಣಗಳನ್ನು 2015ರಲ್ಲಿ ಗುರುತಿಸಿದಾಗ, 20 ತಾಣಗಳು ಗಂಡಿನಲ್ಲಿ ಒಂದು ರೀತಿ, ಹೆಣ್ಣಿನಲ್ಲಿ ಇನ್ನೊಂದು ರೀತಿ ಕೆಲಸ ಮಾಡುತ್ತಿದ್ದವು. ಆ 20ರಲ್ಲಿ 19ರ ಪ್ರಭಾವ ಹೆಂಗಸರಲ್ಲೇ ಜೋರು. ನಿನಗೆ ತೊಡೆ, ಪಿರ್ರೆ ತುಂಬಿಕೊಂಡಿದ್ದರೆ ಅದರಲ್ಲಿ ನಿನ್ನ ತಪ್ಪೇನಿಲ್ಲ. ಅಲ್ಲಿ ಕೂತ ಕೊಬ್ಬು ಹೊಟ್ಟೆಯ ಒಳಗಿನ ಕೊಬ್ಬಿನಷ್ಟು ಕೆಡುಕು ಮಾಡುವುದೂ ಇಲ್ಲ. ಮುಟ್ಟು ನಿಂತ ಮೇಲೆ ಅದು ಹೊಟ್ಟೆಯ ಕಡೆಗೆ ತಿರುಗುತ್ತದೆ. ನಮ್ಮ ವಯಸ್ಸಿನ ಹೆಂಗಸರು ಆಗ ಹೆಚ್ಚು ಎಚ್ಚರದಿಂದ ಇರಬೇಕು.

ಇಷ್ಟು ಕೇಳಿ, ಎಲ್ಲ ಹಣೆಬರಹ ಎಂದು ಕೈಕಟ್ಟಿ ಕೂರಬೇಡ. ತೂಕದ ಜೊತೆ ನಂಟಿದೆ ಎಂದು 2007ರಲ್ಲಿ ಪತ್ತೆಯಾದ ಎಫ್‌ಟಿಒ ಜೀನ್ ನೋಡು. ಅದರ ತೂಕ ಏರಿಸುವ ರೂಪ ಅಪ್ಪ ಅಮ್ಮ ಇಬ್ಬರಿಂದಲೂ ಬಂದವರು ಸರಾಸರಿ 3 ಕೆ.ಜಿ. ಹೆಚ್ಚು ತೂಗುತ್ತಾರೆ. ಅವರಿಗೆ ಹಸಿವು ಜಾಸ್ತಿ, ಹೊಟ್ಟೆ ತುಂಬಿತು ಅನ್ನಿಸುವುದು ತಡ. ಆದರೆ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಕುಟುಂಬಗಳಲ್ಲಿ ಹುಡುಕಿದಾಗ, 1942ಕ್ಕೆ ಮೊದಲು ಹುಟ್ಟಿದವರಲ್ಲಿ ಈ ಜೀನಿಗೂ ತೂಕಕ್ಕೂ ಸಂಬಂಧ ಕಾಣಲಿಲ್ಲ. ಆಮೇಲೆ ಹುಟ್ಟಿದವರಲ್ಲಿ ಎದ್ದು ಕಂಡಿತು. ಜೀನ್ ಅದೇ, ಬದುಕುವ ರೀತಿ ಬದಲಾಯಿತು. ಎರಡು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿ 2011ರಲ್ಲಿ ನೋಡಿದರೆ, ಮೈ ಬಗ್ಗಿಸಿ ದುಡಿಯುವ, ನಡೆದಾಡುವವರಲ್ಲಿ ಈ ಜೀನಿನಿಂದ ಬೊಜ್ಜು ಬರುವ ಸಾಧ್ಯತೆ ಕಾಲು ಭಾಗಕ್ಕಿಂತ ಹೆಚ್ಚು ತಗ್ಗಿತ್ತು. ದಿನಾ ನಡೆ ಎಂದು ನಾನು ಒತ್ತಾಯ ಮಾಡುವುದು ಇದಕ್ಕೇ. ತಕ್ಕಡಿಯ ಮುಳ್ಳು ಇಳಿಯದೇ ಇದ್ದರೂ ನಡೆ.

ಇನ್ನು ನಿನ್ನ ತಮ್ಮ. ನಿಜ ಹೇಳಬೇಕೆಂದರೆ ನನಗೆ ಅವನ ಚಿಂತೆಯೇ ಹೆಚ್ಚು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮ ಮೈಯನ್ನೇ ಅಳೆದು ತೋರಿಸಿದ್ದರು. ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ಹೇಳುವ ಬಿಎಂಐ ಇಬ್ಬರದೂ ಒಂದೇ, 22.3. ನೋಡಲು ಇಬ್ಬರೂ ತೆಳ್ಳಗೆ. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕರಲ್ಲಿ 21.2. ನಮ್ಮ ಜನ ಸಣಕಲಾಗಿದ್ದೂ ಒಳಗೆ ಕೊಬ್ಬು ಇಟ್ಟುಕೊಳ್ಳುವವರು, ಸಕ್ಕರೆ ಕಾಯಿಲೆ ನಮಗೆ ಬೇಗ ಬರುತ್ತದೆ. ಭಾರತೀಯರಿಗೆ ಬಿಎಂಐ 23 ದಾಟಿದರೇ ಹೆಚ್ಚು ತೂಕ ಎಂದು ವೈದ್ಯರು ಗೆರೆ ಎಳೆದಿರುವುದು ಇದರಿಂದಲೇ. ಬಡಕಲು ಎಂದು ಅವನ ಎಲೆಗೆ ಸುರಿಯುವವರಿಗೆ ಇದು ತಿಳಿದಿಲ್ಲ.

ಒಂದು ಟೇಪು ತೆಗೆದುಕೋ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ ಸುತ್ತಳತೆ ನೋಡು. ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ನಮ್ಮವರಿಗೆ ಹಾಕಿದ ಮಿತಿ. ಕನ್ನಡಿ ಹೇಳುವುದಕ್ಕಿಂತ ಇದು ಹೆಚ್ಚು ನಂಬಬೇಕಾದ್ದು. ಸ್ವಲ್ಪ ದಿನದಲ್ಲೇ ತೂಕ ಏರಿ ಮುಟ್ಟೂ ಏರುಪೇರಾದರೆ ಥೈರಾಯ್ಡ್, ಪಿಸಿಓಎಸ್ ಪರೀಕ್ಷೆ ಮಾಡಿಸು, ಸಂಕೋಚ ಪಡಬೇಡ.

ಜೀನ್ ಪರೀಕ್ಷೆ ಮಾಡಿ ನಿಮಗೆ ಹೊಂದುವ ಪಥ್ಯ ಹೇಳುತ್ತೇವೆ ಎಂಬ ಜಾಹೀರಾತಿಗೆ ದುಡ್ಡು ಸುರಿಯಬೇಡ. ಸ್ಟ್ಯಾನ್‌ಫರ್ಡ್‌ನಲ್ಲಿ 609 ಜನರ ಮೇಲೆ ಒಂದು ವರ್ಷ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಜೀನ್ ನೋಡಿ ಪಥ್ಯ ಆರಿಸಿದರೆ ತೂಕ ಹೆಚ್ಚು ಇಳಿಯುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಆ ದುಡ್ಡಿಗೆ ಒಳ್ಳೆಯ ಶೂ ಕೊಂಡುಕೋ.

ನಿಮ್ಮ ಅಜ್ಜನಿಗೂ ನಮ್ಮ ಅಣ್ಣನಿಗೂ ಸಕ್ಕರೆ ಕಾಯಿಲೆ ಇತ್ತು, ನಿನಗೆ ಗೊತ್ತು. ಈ ವಾರವೇ ತಮ್ಮನನ್ನೂ ಕರೆದುಕೊಂಡು ಹೋಗಿ, ಇಬ್ಬರೂ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ.